ಚಪ್ಪಲಿಯೊಳಗಿನ ನೂಲು

1991ರಲ್ಲಿ, ಎಂಟನೇ ತರಗತಿಯ ನಡುವೆ, ನನ್ನ ಓದು ನಿಂತಿತು. ಶಾಲೆಯಲ್ಲಿ ಕಲಿತದ್ದು ತಮಿಳು. ಕನ್ನಡ ಅಕ್ಷರಗಳನ್ನು ಆಮೇಲೆ ನಾನೇ ಕೂತು ಕಲಿತೆ. ನೂಲು ನೋಡುವುದನ್ನೂ ನಾನೇ ಕಲಿತೆ ಎಂದು ಬಹಳ ವರ್ಷ ಹೇಳಿಕೊಂಡು ತಿರುಗಿದೆ. ಅದು ಸುಳ್ಳು.

ಹೋದ ವಾರ ಸೇಲಂನಿಂದ ಒಬ್ಬ ವ್ಯಾಪಾರಿ ನನ್ನ ಅಂಗಡಿಗೆ ಹೊಸ ನೂಲಿನ ಉಂಡೆಗಳನ್ನು ತಂದು ತೋರಿಸಿದ. ಒಂದರ ತುದಿಗೆ ಬೆಂಕಿಕಡ್ಡಿ ಹಿಡಿದೆ. ಕೂದಲು ಸುಟ್ಟ ವಾಸನೆ ಅಂಗಡಿ ತುಂಬಿತು. ಅವನು ಮೂಗು ಮುಚ್ಚಿಕೊಂಡ. ನನಗೆ ನೂಲಂಗಡಿ ಅಕ್ಕ ಎದುರಿಗೇ ಬಂದು ನಿಂತಂತಾಯಿತು...

ಏರ್ಕಾಡಿನ ಬಸ್‌ಸ್ಟ್ಯಾಂಡಿನ ಕೆಳಗೆ ಅವರದೊಂದು ಇಕ್ಕಟ್ಟಾದ ಅಂಗಡಿ ಇತ್ತು. ಎಡಪ್ಪಾಡಿಯ ನೇಯ್ಗೆಯವರ ಮನೆಯವರು, ಮನೆಮಾತು ಕನ್ನಡ. ನಾನು ಕಂಬೈನಲ್ಲೂರು ಕಡೆಯ ಕುರಿ ಸಾಕುವ ಮನೆಯವನು, ನಮ್ಮ ಮನೆಮಾತೂ ಕನ್ನಡವೇ. ಇನ್ನು ಕುರಿ ಹಿಂದೆ ಹೋಗುವುದಿಲ್ಲ, ಕೈಕೆಲಸದಲ್ಲೇ ಬದುಕಿ ತೋರಿಸುತ್ತೇನೆ ಎಂದು ಅಪ್ಪನ ಮುಂದೆ ದೊಡ್ಡ ಮಾತಾಡಿ, ಹೆಂಡತಿಯನ್ನು ಕರೆದುಕೊಂಡು ಬೆಟ್ಟ ಹತ್ತಿದ್ದೆ. ಇಬ್ಬರೂ ಟೋಪಿ, ಕಾಲುಚೀಲ ಹೆಣೆದು ಮಾರುತ್ತಿದ್ದೆವು. ಒಂದು ಕಾಫಿ ಎಸ್ಟೇಟಿನವರು ಆಳುಗಳಿಗೆಂದು ಅರವತ್ತು ಜೊತೆ ಕಾಲುಚೀಲ ಕೇಳಿದರು. ಮೊದಲ ದೊಡ್ಡ ಕೆಲಸ. ಬೇಗ ಹರಿದುಹೋದರೆ ಇನ್ನೊಮ್ಮೆ ಕೇಳುವುದಿಲ್ಲ ಎಂದು ಮೊದಲೇ ಹೇಳಿದ್ದರು. ಅವರು ಕೈಬಿಟ್ಟರೆ ಬೆಟ್ಟ ಇಳಿದು ಮತ್ತೆ ಕುರಿ ಹಿಂದೆಯೇ.

ಅಕ್ಕನ ಅಂಗಡಿಗೆ ಹೋಗಿ ಒಂದೊಂದೇ ಉಂಡೆ ಎತ್ತಿ ಕೆನ್ನೆಗೆ ಒತ್ತಿ ನೋಡಿದೆ. ಎಲ್ಲಕ್ಕಿಂತ ಮೆತ್ತಗಿದ್ದದ್ದನ್ನು ಆರಿಸಿದೆ.

"ಯಾತಕ್ಕಪ್ಪಾ ಇದು?" ಎಂದರು.

"ಕಾಲ್ಚೀಲಕ್ಕೆ ಅಕ್ಕ."

"ಕಾಲ್ಚೀಲಾನ ನಿಮ್ಮೂರಲ್ಲಿ ಕೆನ್ನೆಗಾ ಆಕ್ಕೊಳ್ಳೋದು?"

ಅಂಗಡಿಯಲ್ಲಿದ್ದ ಇಬ್ಬರು ಹೆಂಗಸರು ನಕ್ಕರು. ನನಗೆ ಉರಿಯಿತು. "ಕುರಿಮನೇಲಿ ಉಟ್ಟಿ ಬೆಳ್ದೋನು ನಾನು. ನಂಗೆ ಉಣ್ಣೆ ಏಳ್ಕೊಡ್ತೀರಾ?"

"ಅಯ್ಯೋ, ಇಲ್ಲ ಸಾಮಿ. ತಗೊಂಡೋಗು," ಎಂದು ಕಟ್ಟಿ ಕೊಟ್ಟರು.

ಮನೆಯಲ್ಲಿ ಹೆಣೆಯಲು ಕೂತರೆ ಆ ನೂಲು ಕಡ್ಡಿಗೆ ಸಿಕ್ಕಿ ಪಿಸಿಯುತ್ತಿತ್ತು. ಒಂದೇ ಎಳೆ, ಅದಕ್ಕೂ ಸಡಿಲ ಹುರಿ. ನಾನು ಸೋಲುವವನಲ್ಲ. ನಮ್ಮಲ್ಲಿ ಕಂಬಳಿ ನೇಯುವಾಗ ನೂಲು ಗಟ್ಟಿಯಾಗಲೆಂದು ಹುಣಸೆ ಬೀಜದ ಗಂಜಿ ಸವರುತ್ತಾರೆ. ಹಾಗೆಯೇ ಬೀಜ ಬೇಯಿಸಿ, ಅರೆದು, ನೂಲನ್ನೆಲ್ಲ ಅದ್ದಿ ಒಣಗಿಸಿದೆ. ತಂತಿಯಂತಾಯಿತು. ಬೆರಳು ಕೆಂಪಾಗುವಂತೆ ಹತ್ತು ಜೊತೆ ಹೆಣೆದೆವು. ಆಮೇಲೆ ಮೂರು ದಿನ ಮಂಜು, ಮಳೆ. ಕಾಲುಚೀಲ ಅಂಟಂಟಾಗಿ ಬೂಷ್ಟು ಹಿಡಿಯಿತು. ನಾಲ್ಕನೇ ದಿನ ನೋಡಿದರೆ ಬೆರಳಿನ ಕಡೆಯೆಲ್ಲ ಇಲಿ ತಿಂದಿತ್ತು.

"ಆಳುಗಳಿಗೆ ಕಾಲ್ಚೀಲ ಮಾಡಿದ್ರೋ, ಇಲಿಗೆ ಊಟ ಮಾಡಿದ್ರೋ?" ಎಂದಳು ಹೆಂಡತಿ. "ಓಗಿ, ಆ ಅಕ್ಕನ್ನೇ ಕೇಳಿ."

ಹೋದೆ. ಅಕ್ಕ ಗಂಟು ಬಿಚ್ಚಿ, ಮೂಸಿ, ನನ್ನ ಮುಖ ನೋಡಿದರು. "ಅಡ ಪಾವಿ, ಅಯ್ಯೋ ಪಾಪಿ! ಉಣಸೆ ಬೀಜನಾ?" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ಮುಗಿದ ಮೇಲೆ ನನಗೊಂದು ಸ್ಟೂಲು ಎಳೆದು ಕೊಟ್ಟರು. ಆ ಸ್ಟೂಲಿನಲ್ಲಿ ಕೂತದ್ದು ನನ್ನ ನಿಜವಾದ ಶಾಲೆ.

"ನೇಯೋ ನೂಲು ಬಿಗಿಯಾಗಿ ನಿಂತಿರ್ತದೆ, ಅದಕ್ಕೆ ಗಂಜಿ ಸರಿ. ಎಣೆಯೋ ನೂಲು ಬಳುಕ್ಬೇಕು ಕಣ್ಲಾ," ಎಂದರು. ಮೊಳದುದ್ದ ನೂಲು ಬಿಚ್ಚಿ, ಹುರಿಯನ್ನು ಹಿಂದಕ್ಕೆ ತಿರುಗಿಸಿ, ಎಳೆ ಎಣಿಸಲು ಕಲಿಸಿದರು: ಟೋಪಿಗೆ ಎರಡೆಳೆ ಸಾಕು, ಕಾಲಿಗೆ ನಾಲ್ಕೆಳೆ, ಬಿಗಿ ಹುರಿ. ತುದಿ ಸುಟ್ಟರೆ ಕೂದಲಿನ ವಾಸನೆಯೂ ಬರಬೇಕು, ಕೊನೆಗೆ ಒಂದು ಗಟ್ಟಿ ಮಣಿಯೂ ಉಳಿಯಬೇಕು. ಆಗ ಉಣ್ಣೆಯ ಜೊತೆ ನೈಲಾನ್ ಇದೆ ಎಂದು ಗೊತ್ತು. ಹಿಮ್ಮಡಿಗೆ ಅದೇ ಬೇಕು.

ನಾನು ತಲೆಯಾಡಿಸಿದೆ. ನಂಬಿಲ್ಲ ಎಂದು ಅವರಿಗೆ ತಿಳಿಯಿತು. ಅಲ್ಲೇ ಕೂತು ಮೂರು ಬಗೆಯ ನೂಲಿನಲ್ಲಿ ಅಂಗೈಯಗಲದ ಮೂರು ಚೂರು ಹೆಣೆದರು. "ದಿನಕ್ಕೊಂದು ಚಪ್ಲಿ ಒಳ್ಗೆ, ಇಮ್ಮಡಿ ಕೆಳ್ಗೆ ಇಟ್ಕೋ. ಘಾಟ್ ರೋಡಲ್ಲಿ ಐದು ತಿರುವು ಇಳಿ, ಅಂಗೇ ಅತ್ತು. ನನ್ನ ಮಾತು ಕೇಳ್ಬೇಡ, ನಿನ್ ಕಾಲು ಏಳ್ತದೆ."

ನಾನು ಆರಿಸಿದ್ದ ಮೆತ್ತನೆಯ ನೂಲಿನ ಚೂರು ನಾಲ್ಕನೇ ತಿರುವಿಗೇ ತೂತಾಯಿತು. ಎರಡನೆಯದು ಹೋಗಿ ಬರುವಷ್ಟರಲ್ಲಿ ಮೈತುಂಬ ಗುಂಜು ಕಟ್ಟಿಕೊಂಡಿತು. ಮೂರನೆಯದು ಒರಟು, ಬೂದಿಬಣ್ಣ, ನೋಡಲು ಏನೂ ಚೆಂದವಿಲ್ಲ. ಚಪ್ಪಟೆಯಾಗಿ ನನ್ನ ಹಿಮ್ಮಡಿಯ ಅಚ್ಚು ಹೊತ್ತು ಇಡಿಯಾಗಿ ಬಂತು. ಅದರಲ್ಲೇ ಅರವತ್ತು ಜೊತೆ ಮುಗಿಸಿದೆವು. ಒಂದು ವಾರ ತಡವಾಯಿತು. ಮುಂದಿನ ವರ್ಷ ಎಸ್ಟೇಟಿನವರೇ ನಮ್ಮ ಮನೆ ಹುಡುಕಿಕೊಂಡು ಬಂದರು.

ಆಮೇಲೆ ಕಂಡಾಗಲೆಲ್ಲ ಅಕ್ಕ ದೂರದಿಂದಲೇ ಕೂಗುತ್ತಿದ್ದರು: "ಏನ್ಲಾ ಕುರಿಮನೆಯೋನೇ, ಇಮ್ಮಡಿ ಎಂಗೈತೆ?"

"ನಂಗೂ ಗೊತ್ತಿತ್ತು ಬುಡಿ ಅಕ್ಕ," ಎನ್ನುತ್ತಿದ್ದೆ ನಾನು. ಅವರು ನಗುತ್ತಿದ್ದರು. ಒಂದು ಸಲವೂ, ನೀವು ಹೇಳಿದ್ದೇ ಸರಿ, ನಿಮ್ಮಿಂದ ಬದುಕಿಕೊಂಡೆ ಎನ್ನಲಿಲ್ಲ. ಮಂಡಿನೋವು ಜಾಸ್ತಿಯಾಗಿ ಅಕ್ಕ ಅಂಗಡಿ ಮುಚ್ಚಿ, ಆ ಸ್ಟೂಲನ್ನು ನನಗೆ ಕೊಟ್ಟು, ಎಡಪ್ಪಾಡಿಯ ಮಗಳ ಮನೆಗೆ ಹೋದರು. ಹೋಗಿ ನೋಡಬೇಕು, ಒಂದು ಜೊತೆ ಕಾಲುಚೀಲ ಕೊಡಬೇಕು ಎಂದುಕೊಂಡೇ ಎರಡು ಚಳಿಗಾಲ ಕಳೆದವು... ನಾನು ಹೋದಾಗ ಗೋಡೆಯ ಮೇಲೆ ಅವರ ಫೋಟೋ ಇತ್ತು, ಹೂವು ಹಾಕಿತ್ತು. ಕಾಲುಚೀಲವನ್ನು ಅವರ ಮಗಳ ಕೈಗೆ ಕೊಟ್ಟು ಬಂದೆ. ಫೋಟೋದ ಮುಂದೆ ನಿಂತು ಹೇಳಬೇಕಾದದ್ದನ್ನು ಹೇಳಿದೆ. ಕೇಳುವವರು ಇರಲಿಲ್ಲ.

ಹೋದ ವಾರದ ಆ ನೂಲಿನಲ್ಲೂ ಒಂದು ಚೂರು ಹೆಣೆದು ಚಪ್ಪಲಿಯೊಳಗೆ ಇಟ್ಟುಕೊಂಡು ಐದು ತಿರುವು ಇಳಿದು ಹತ್ತಿದೆ. ಪರವಾಗಿಲ್ಲ, ತಡೆಯಿತು. ಅಕ್ಕ ಇದ್ದಿದ್ದರೆ ಇನ್ನೂ ಐದು ತಿರುವು ಇಳಿಸುತ್ತಿದ್ದರು.

ಈಗ ನನ್ನ ಬಳಿ ಇರುವುದು ಒಂದು ಅಂಗಡಿ, ಹೆಣೆಯುವ ಏಳು ಜನ ಹೆಂಗಸರು, ಹನ್ನೊಂದು ಬಗೆಯ ನೂಲು, ಅಕ್ಕನ ಒಂದು ಸ್ಟೂಲು, ಅವರ ಕೈಯ ಮೂರು ಚೂರು. ಒಂದು ತೂತು, ಒಂದು ಗುಂಜು, ಒಂದು ಗಟ್ಟಿ.