ಸವತಿಗೆ ಸವತಿಕಾಯಿ
ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನ ಮಲ್ಲವ್ವ ಗಂಡನ ಅಕ್ವೇರಿಯಮ್ಮಿನ ಮೀನನ್ನು ಸವತಿ ಎಂದೇ ಕರೆಯುತ್ತಾಳೆ. ಅಂಗಡಿಯವನು 'ಸಕರ್ ಫಿಶ್' ಎಂದು ಕೊಟ್ಟದ್ದನ್ನು ಗಂಡ ನೀಲಕಂಠಪ್ಪ, ಬೆನ್ನಿನ ಈಜುರೆಕ್ಕೆಯ ಎಲುಬುಗಳನ್ನು ಎಣಿಸಿ, ಹೊಟ್ಟೆಯ ಚುಕ್ಕೆಗಳನ್ನು ನೋಡಿ, ದಕ್ಷಿಣ ಅಮೆರಿಕದ ಕವಚವಿರುವ ಮೀಸೆಮೀನೆಂದು ಗುರುತಿಸಿದ್ದಾನೆ. ದಿನವೂ ಸೌತೆಕಾಯಿ ತಿನ್ನಿಸುತ್ತಾನೆ. "ಸವತಿಗೆ ಸವತಿಕಾಯಿ! ಅದರ ಚುಕ್ಕಿ ಎಲ್ಲಾ ಗೊತ್ತದಾವ. ನನ್ನ ಮಚ್ಚಿ ಯಾವ ಗಲ್ಲದ ಮ್ಯಾಲೈತಿ ಕೇಳ್ರಿ ಬಾಯಾರ," ಎಂದು ಮಲ್ಲವ್ವ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ನನ್ನನ್ನು ತಡೆಯುತ್ತಾಳೆ. ಗಂಡ ವಿಜಯಪುರಕ್ಕೆ ಹೋದ ವಾರ ಮೀನು ಉಳಿಯುವುದಿಲ್ಲವೆಂದೇ ನಾನು ತಿಳಿದಿದ್ದೆ. ಹಿಂತಿರುಗಿದ ದಿನ ಅವನು ಹಾಕಿದ ಹೋಳನ್ನು ಮೀನು ಮೂಸಲೂ ಇಲ್ಲ. "ಬೀಜ ತಗದು, ಕುದಿಸಿ ಹಾಕಬೇಕ್ರಿ," ಎಂದು ಮಲ್ಲವ್ವ ತಾನೇ ಒಂದು ಹೋಳು ಇಳಿಬಿಟ್ಟಳು. ಮೀನು ಓಡಿ ಬಂತು. ನೀಲಕಂಠಪ್ಪ ಹೊಟ್ಟೆಕಿಚ್ಚಿನಿಂದ ಹೆಂಡತಿಯ ಮುಖವನ್ನು ದಿಟ್ಟಿಸಿ ನೋಡಿದ. ಮಚ್ಚೆ ಎಡಗಲ್ಲದ ಮೇಲಿದೆ.