ತೂಕಕ್ಕೆ ಮುಂಚೆ ಬಚ್ಚಿಟ್ಟ ನೀರು

ಸವಿತಾ, ತೆಳ್ಳಗಾಗುವ ಆಸೆಗೆ ನೀನು ಊಟ ಬಿಟ್ಟಿರಲಿಲ್ಲ. ಆ ಸುಳ್ಳು ಹುಟ್ಟಿದ್ದು ನನ್ನ ಬಾಯಲ್ಲಿ. ಆಸ್ಪತ್ರೆಯಲ್ಲಿ ಡಾಕ್ಟರಿಗೂ ನಿನ್ನ ಅಮ್ಮನಿಗೂ ಅದನ್ನು ಹೇಳಿದವಳು ನಾನು — ನಿನ್ನ ಕ್ಯಾಪ್ಟನ್, ಹಾಸ್ಟೆಲಿನಲ್ಲಿ ನಿನ್ನದೇ ಕೋಣೆಯವಳು.

ಕಾಲೇಜಿನ ಕಬಡ್ಡಿ ತಂಡದಲ್ಲಿ ನಮ್ಮ ಪಾಡು ನಿನಗೆ ನೆನಪಿರಬೇಕು. ತೂಕದ ಪಂದ್ಯವೆಂದರೆ, ನಿಗದಿಗಿಂತ ಹೆಚ್ಚು ತೂಗಿದವರು ಆಡುವಂತಿಲ್ಲ. ಅದಕ್ಕೆ ಹಿಂದಿನ ದಿನದಿಂದಲೇ ನೀರು ಬಂದ್. ಪ್ಲಾಸ್ಟಿಕ್ ರೈನ್‌ಕೋಟ್ ಹಾಕಿಸಿ, ಮೂಡಿಗೆರೆಯ ಬೇಸಿಗೆ ಬಿಸಿಲಿನಲ್ಲಿ ಎಸ್ಟೇಟ್ ರಸ್ತೆಯ ಏರು ಹತ್ತಿಸುತ್ತಿದ್ದರು ನಮ್ಮ ಕೋಚ್. ಬಾಯಲ್ಲಿ ಹುಣಸೆಹಣ್ಣು ಇಟ್ಟುಕೊಂಡು ಉಗುಳುತ್ತಾ ಓಡಬೇಕು, ಉಗುಳಿದಷ್ಟೂ ಹಗುರವಂತೆ! ಆಮೇಲೆ ಕಾಫಿ ಮೂಟೆ ತೂಗುವ ತಕ್ಕಡಿಯ ಮೇಲೆ ಒಬ್ಬೊಬ್ಬರನ್ನೇ ನಿಲ್ಲಿಸುವುದು. ಹೆಚ್ಚು ತೂಗಿದವಳಿಗೆ ಎಲ್ಲರೆದುರು "ಎಮ್ಮೆ" ಎಂಬ ಬಿರುದು. ನಾವು ನಗುತ್ತಿದ್ದೆವು. ಅದನ್ನೇ ಶಿಸ್ತು ಎಂದು ನಂಬಿದ್ದೆವು — ನಾನಂತೂ ನಂಬಿದ್ದೆ.

ಆ ದಿನ ನಿನ್ನ ತೂಕ ಇನ್ನೂ ಸ್ವಲ್ಪ ಇಳಿಯಬೇಕಿತ್ತು. ಎಲ್ಲರ ನೀರಿನ ಬಾಟಲಿಗಳು ನನ್ನ ಚೀಲದಲ್ಲಿ. ಅವನ್ನು ಕಾಯುವುದು ಕ್ಯಾಪ್ಟನ್ ಕೆಲಸ. ಏರಿನ ತಿರುವಿನಲ್ಲಿ ನೀನು ನಿಂತುಬಿಟ್ಟೆ. ತುಟಿ ಒಣಗಿ ಬಿರಿದಿತ್ತು, ಬೆವರು ಕೂಡ ನಿಂತುಹೋಗಿತ್ತು.

"ಒಂದ್ ಗುಟ್ಕು ಕೊಡೇ ಮಾರಾಯ್ತಿ. ತಲೆ ತಿರುಗ್ತದೆ."

"ತೂಕ ಆಗ್ಲಿ. ಆಮೇಲೆ ಕೊಡ್ತೇನೆ."

ಚೀಲದ ಜಿಪ್ ಎಳೆದುಕೊಂಡೆ. ನೀನು ನನ್ನ ಮಾತಿಗೆ ಬೆಲೆ ಕೊಟ್ಟು ಮತ್ತೆ ಓಡಿದೆ. ಮುಂದಿನ ತಿರುವಿನಲ್ಲಿ ಕುಸಿದು ಬಿದ್ದೆ.

ಆಸ್ಪತ್ರೆಯ ಬಾಗಿಲಲ್ಲಿ ಕೋಚ್ ನನ್ನನ್ನು ಪಕ್ಕಕ್ಕೆ ಕರೆದರು. "ನೀರಿನ ಸುದ್ದಿ ತೆಗಿಬೇಡ. ಯೂನಿವರ್ಸಿಟಿ ಟೀಮಿಗೆ ನಿನ್ನ ಹೆಸ್ರು ಕಳಿಸ್ಬೇಕಲ್ಲ?" ಅಷ್ಟು ಸಾಕಾಯಿತು ನನಗೆ. ಊಟ ಬಿಟ್ಟ ಕಥೆಯನ್ನು ಅವರು ಹೇಳಿಕೊಟ್ಟಿರಲಿಲ್ಲ. ಅದನ್ನು ಕಟ್ಟಿದವಳು ನಾನೇ.

ಕಳಸದಿಂದ ಬಸ್ಸು ಹಿಡಿದು ಬಂದ ನಿನ್ನ ಅಮ್ಮ, ಕಿಡ್ನಿಗೆ ಪೆಟ್ಟಾಗಿದೆ ಎಂದು ಕೇಳಿ ಹಣೆ ಚಚ್ಚಿಕೊಂಡರು. "ಚಂದ ಕಾಣ್ಬೇಕು ಅಂತ ಜೀವ ತೆಕ್ಕೊಳ್ಳುದಾ ಹೆಣ್ಣೇ?" ಎಂದು ನಿನ್ನನ್ನೇ ಬೈದರು. ನೀನು ನನ್ನ ಕಡೆ ನೋಡಿದೆ. ಬಾಯಿ ಬಿಡಲಿಲ್ಲ. ನನ್ನನ್ನು ಉಳಿಸಲೆಂದೋ, ಹೇಳಿದರೂ ಯಾರು ನಂಬುತ್ತಾರೆಂದೋ... ಕೇಳುವ ಧೈರ್ಯ ನನಗೆ ಬಂದೇ ಇಲ್ಲ. ಮನೆಯವರು ನಿನ್ನ ಓದು ಬಿಡಿಸಿದರು. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತಂತೆ. ನಾನು ಯೂನಿವರ್ಸಿಟಿ ತಂಡಕ್ಕೆ ಆಡಿದೆ. ಮರುವರ್ಷ ಅದೇ ಏರಿನಲ್ಲಿ ಹೊಸ ಹುಡುಗಿಯರು ರೈನ್‌ಕೋಟ್ ಹಾಕಿಕೊಂಡು ಓಡಿದರು. ಆಗಲೂ ನಾನು ಸುಮ್ಮನಿದ್ದೆ. ನೀನು ಇವತ್ತಿಗೂ ಮಾತ್ರೆ ನುಂಗುತ್ತೀಯಂತೆ, ಉಪ್ಪು ಅಳೆದು ತಿನ್ನುತ್ತೀಯಂತೆ.

ಈಗ ನಾನು ಕೊಟ್ಟಿಗೆಹಾರದ ಹತ್ತಿರದ ಶಾಲೆಯಲ್ಲಿ ಪಿ.ಟಿ. ಟೀಚರ್. ಮೈದಾನದಲ್ಲಿ ನೀರಿನ ಕೊಡ ಇಡಿಸಿದ್ದೇನೆ. ಅಷ್ಟರಲ್ಲೇ ದೊಡ್ಡ ಪುಣ್ಯ ಕಟ್ಟಿಕೊಂಡವಳಂತೆ ಇದ್ದೆ. ಕಳೆದ ವಾರ ಅಭ್ಯಾಸದ ನಡುವೆ ಒಬ್ಬಳು ಲೋಟ ಎತ್ತಿಕೊಂಡಳು. "ಈ ಸುತ್ತು ಮುಗೀಲಿ, ಆಮೇಲೆ ಕುಡಿ," ಅಂದುಬಿಟ್ಟೆ. ಅವಳು ಲೋಟ ಕೆಳಗಿಟ್ಟು ಓಡಿದಳು.

ಕೂಗಿ ಕರೆದು ನೀರು ಕೊಟ್ಟೆ. ಅವಳು ಎರಡು ಗುಟುಕು ಕುಡಿದು, ಹೆದರುತ್ತಾ ನನ್ನ ಮುಖ ನೋಡಿದಳು. "ಸಾಕಾ ಮಿಸ್?" ಎಂದಳು.

ಭಾನುವಾರ ಕಳಸಕ್ಕೆ ಬರುತ್ತೇನೆ ಸವಿತಾ. ನೀನು ಕ್ಷಮಿಸಬೇಕೆಂದಲ್ಲ, ಮುಖಕ್ಕೆ ಬಾಗಿಲು ಹಾಕಿದರೆ ಹೊರಗೆ ನಿಂತೇ ಹೇಳುತ್ತೇನೆ. ಅಮ್ಮನಿಗೆ ಕೇಳಿಸಬೇಕು, ಅಷ್ಟೇ: ನಿಮ್ಮ ಮಗಳು ನೀರು ಕೇಳಿದಳು, ನನ್ನ ಹತ್ತಿರ ಇತ್ತು, ನಾನು ಕೊಡಲಿಲ್ಲ.