ದೊಡ್ಡವ್ವನ ಜಪಾನಿ ಗಾಡಿ

ಮೊನ್ನೆ ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್‌ನಲ್ಲಿ ಟ್ರಾಮ್ ಇಳಿದು ಆಫೀಸಿನ ಕಡೆ ಹೋಗುತ್ತಿದ್ದಾಗ ಹಳೆಯ ಬೈಕೊಂದು ಪಕ್ಕದಲ್ಲೇ ಹಾದುಹೋಯಿತು. ಅದರ ಹಿಂದೆ ತೆಳ್ಳಗೆ ನೀಲಿ ಹೊಗೆ. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಆ ಕಾಲದ ಇಂಜಿನ್ನುಗಳ ಹೊಗೆ ಅದು; ಒಂಚೂರು ಸಿಹಿ, ಒಂಚೂರು ಸುಟ್ಟೆಣ್ಣೆಯ ಘಾಟು. ಜೊತೆಗಿದ್ದ ನಮ್ಮ ಆಫೀಸಿನ ಹುಡುಗಿ ಮೂಗು ಮುಚ್ಚಿಕೊಂಡು ಮುಂದೆ ಹೋದಳು. ನಾನು ಫುಟ್‌ಪಾತಿನ ಮೇಲೆ ನಿಂತೇಬಿಟ್ಟೆ. ನಿಮಗೂ ಇಂಥದ್ದು ಆಗಿರುತ್ತದೆ. ಯಾವುದೋ ವಾಸನೆ ಮೂಗಿಗೆ ಬಡಿದು, ಈಗ ಇಲ್ಲದ ಮನೆಯೊಂದರ ಮೂಲೆಯಲ್ಲಿ, ಈಗ ಇಲ್ಲದವರೊಬ್ಬರ ಪಕ್ಕದಲ್ಲಿ ನಮ್ಮನ್ನು ಕೂರಿಸಿಬಿಡುತ್ತದೆ. ನಾನು ಕೂತದ್ದು ಟೂಂಗಾಬಿಯ ತಗಡಿನ ಗ್ಯಾರೇಜಿನಲ್ಲಿ, ದೊಡ್ಡವ್ವನ ಪಕ್ಕದಲ್ಲಿ.

ಎರಡು ಸಾವಿರದ ಈಚಿನ ಮೊದಲ ವರ್ಷಗಳವು. ಸಿಡ್ನಿಯ ಪಶ್ಚಿಮಕ್ಕಿರುವ ಆ ಸಬರ್ಬಿನಲ್ಲಿ ನಮ್ಮದೊಂದು ಕೆಂಪಿಟ್ಟಿಗೆಯ ಬಾಡಿಗೆ ಮನೆ. ಹಿತ್ತಲಲ್ಲಿ ನಿಂಬೆಗಿಡ, ಗಾಳಿ ಬಂದರೆ ಒಣಹಾಕಿದ ಬಟ್ಟೆಗಳ ಸಮೇತ ಗಿರಗಿರ ತಿರುಗುವ ಕಂಬ, ಅದರಾಚೆ ಗ್ಯಾರೇಜು. ಅಪ್ಪ ಒಂದು ಬ್ಯಾಂಕಿನ ಕಂಪ್ಯೂಟರ್ ಕೆಲಸಕ್ಕೆ ಹೋಗುತ್ತಿದ್ದ, ಅವ್ವ ಚೈಲ್ಡ್‌ಕೇರಿಗೆ. ಗದಗಿನ ಕಡೆಯವಳಾದ ಅವ್ವ ರಜೆಯ ದಿನ ರೊಟ್ಟಿ ಬಡಿಯಲು ಕೂತರೆ ಆ ಸದ್ದಿಗೆ ಬೇಲಿಯಾಚೆಯ ಜೋ ಅಂಕಲ್ ತಲೆ ಎತ್ತಿ ನೋಡುತ್ತಿದ್ದರು. ಅವರು ಚಿಕ್ಕಂದಿನಲ್ಲೇ ಮಾಲ್ಟಾದಿಂದ ಬಂದವರು. ನಮ್ಮ ಬೀದಿ ಇರುವ ಜಾಗವೆಲ್ಲ ಒಂದು ಕಾಲಕ್ಕೆ ಅವರ ತರಕಾರಿ ತೋಟ. ನಮ್ಮ ಅಡುಗೆಮನೆ ಇರುವಲ್ಲಿ ತಾನು ಹೂಕೋಸು ಬೆಳೆಯುತ್ತಿದ್ದೆ ಎಂದು ಅವರು ಹೇಳಿದಾಗ ನಾನು ನೆಲವನ್ನೇ ನೋಡುತ್ತ ನಿಂತಿದ್ದೆ.

ದೊಡ್ಡವ್ವ ಅಂದರೆ ಅವ್ವನ ಅಕ್ಕ, ಸುಶೀಲಾ. ಮದುವೆಯಾಗಲಿಲ್ಲ. ನರ್ಸಿಂಗ್ ಕಲಿತು, ಇನ್ನೂ ಎಳೆಯ ವಯಸ್ಸಿನಲ್ಲೇ ಆಫ್ರಿಕಾದ ಮಲಾವಿ ಎಂಬ ಪುಟ್ಟ ದೇಶಕ್ಕೆ ಹೋಗಿ, ಅಲ್ಲಿಯ ಗುಡ್ಡಗಳ ನಡುವಿನ ಒಂದು ಸಣ್ಣ ದವಾಖಾನೆಯಲ್ಲಿ ಹೆರಿಗೆ ಮಾಡಿಸುತ್ತ ಅರ್ಧ ಆಯುಷ್ಯ ಕಳೆದವಳು. ಮಲೇರಿಯಾ ಮತ್ತೆ ಮತ್ತೆ ಬಂದು ಸೊರಗಿದ ಮೇಲೆ ಅವ್ವ ಹಟ ಹಿಡಿದು ಸಿಡ್ನಿಗೆ ಕರೆಸಿಕೊಂಡಳು. ಇಲ್ಲಿ ವೃದ್ಧರ ನರ್ಸಿಂಗ್ ಹೋಮಿನಲ್ಲಿ ಕೆಲಸ ಸಿಕ್ಕಿತು, ಖಾಯಂ ಆಗಿ ಉಳಿಯಲು ಪಿಆರ್ ಕೂಡ ಆಯಿತು. ಎತ್ತರದ ಆಳು, ಗಿಡ್ಡಗೆ ಕತ್ತರಿಸಿದ ಬಿಳಿ ಕೂದಲು, ಚೂಡಿದಾರದ ಕೆಳಗೆ ಗಂಡಸರ ಬೂಟು. ಮೀನಖಂಡದ ಮೇಲೆ ಸೈಲೆನ್ಸರ್ ತಾಗಿ ಸುಟ್ಟ ಕಲೆ. ಅದನ್ನು ಮುಟ್ಟಲು ನನಗೂ ತಮ್ಮನಿಗೂ ಪೈಪೋಟಿ.

ನಮ್ಮ ಬೀದಿಯಲ್ಲಿ ವರ್ಷಕ್ಕೆ ಕೆಲವು ಸಲ ಕೌನ್ಸಿಲ್ ಕ್ಲೀನಪ್ ಇರುತ್ತಿತ್ತು. ಬೇಡವಾದ ಸೋಫಾ, ಹಾಸಿಗೆ, ಟಿವಿಗಳನ್ನೆಲ್ಲ ಜನ ಮನೆ ಮುಂದೆ ಹುಲ್ಲಿನ ಮೇಲೆ ಇಡುತ್ತಿದ್ದರು, ಕೌನ್ಸಿಲಿನ ಲಾರಿ ಬಂದು ಒಯ್ಯುತ್ತಿತ್ತು. ಅಂಥದ್ದೊಂದು ಬೆಳಿಗ್ಗೆ ಸ್ಕೂಲಿಗೆ ಹೊರಟ ನಮ್ಮ ಕೈ ಬಿಟ್ಟು ದೊಡ್ಡವ್ವ ಜೋ ಅಂಕಲ್ ಮನೆ ಮುಂದೆ ನಿಂತುಕೊಂಡಳು. ಮುರಿದ ಕುರ್ಚಿಗಳ ನಡುವೆ ತುಕ್ಕು ತಿಂದ ಬೈಕೊಂದು ಒರಗಿತ್ತು. ಹಿಂದೆ ಮುಂದೆ ಕಬ್ಬಿಣದ ಕ್ಯಾರಿಯರ್, ಚೈನಿಗೆ ಪೂರ್ತಿ ಮುಚ್ಚಿದ ಕವಚ, ಎಡಕ್ಕೊಂದು ಬಲಕ್ಕೊಂದು ಸ್ಟ್ಯಾಂಡು. ಜಪಾನಿನವರು ಹೊಲಗದ್ದೆಯ ಕೆಲಸಕ್ಕೆಂದೇ ಮಾಡಿದ ಹಳೆಯ ಗಾಡಿ. ದೊಡ್ಡವ್ವ ಬಗ್ಗಿ, ಆಸ್ಪತ್ರೆಯಲ್ಲಿ ಗುರುತಿನವರನ್ನು ಕಂಡಾಗ ಇಡುತ್ತಾರಲ್ಲ ಹಾಗೆ, ಅದರ ಟ್ಯಾಂಕಿನ ಮೇಲೆ ಅಂಗೈ ಇಟ್ಟಳು. ಮಲಾವಿಯಲ್ಲಿ ಅವಳು ಓಡಿಸುತ್ತಿದ್ದದ್ದು ಇದೇ ಗಾಡಿಯ ಒಡಹುಟ್ಟು. ತೋಟ ಹೋದ ಮೇಲೆ ಅದನ್ನು ಹತ್ತುವವರೇ ಇಲ್ಲ, ಬೇಕಾದರೆ ಒಯ್ಯಿರಿ ಎಂದರು ಜೋ ಅಂಕಲ್.

ಆ ಚಳಿಗಾಲವೆಲ್ಲ ಗ್ಯಾರೇಜೇ ನಮ್ಮ ಮನೆ. ಕೆಲಸ ಮುಗಿಸಿ ಬಂದ ದೊಡ್ಡವ್ವ ಚಹಾ ಕುಡಿದು ಸ್ಪ್ಯಾನರ್ ಹಿಡಿಯುತ್ತಿದ್ದಳು. ಜೋ ಅಂಕಲ್ ಬೇಲಿಯ ಗೇಟಿನಿಂದ ಬಂದು, ತಿರುವಿ ಹಾಕಿದ ಬಕೆಟ್ಟಿನ ಮೇಲೆ ಕೂರುತ್ತಿದ್ದರು. ಕಾರ್ಬುರೇಟರ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆಯುವುದು ನಮ್ಮ ಕೆಲಸ. ಕೈ ಆಡುತ್ತಿದ್ದಂತೆ ದೊಡ್ಡವ್ವ ಅಲ್ಲಿಯ ಗಾಡಿಗಳ ವಿಷಯ ಹೇಳುತ್ತಿದ್ದಳು. ಓಡಿಸುವವನಿಗಿಂತ ವಯಸ್ಸಾದ ಗಾಡಿಗಳು. ಅಪ್ಪ ಓಡಿಸಿದ್ದನ್ನೇ ಮಗ, ಅವನ ಮಗನೂ ಓಡಿಸುತ್ತಾರಂತೆ. ಅದರ ಮೇಲೆ ಜೋಳದ ಮೂಟೆ ಹೋಗುತ್ತದೆ, ಕಾಲು ಕಟ್ಟಿದ ಮೇಕೆ ಹೋಗುತ್ತದೆ, ಮಂಚ, ಕಿಟಕಿ, ಮದುಮಗಳು ಹೋಗುತ್ತಾಳೆ, ಶವಪೆಟ್ಟಿಗೆಯೂ ಹೋಗುತ್ತದೆ. ಗ್ಯಾಸ್ಕೆಟ್ ಹರಿದರೆ ರಟ್ಟಿನ ಪೆಟ್ಟಿಗೆ ಕತ್ತರಿಸಿ ಹಾಕುತ್ತಾರೆ, ಟ್ಯೂಬ್ ಹೋದರೆ ಟೈರಿನೊಳಗೆ ಹುಲ್ಲು ತುಂಬಿ ಊರು ಮುಟ್ಟುತ್ತಾರೆ. ಜಪಾನಿನ ಯಾವುದೋ ಕಾರ್ಖಾನೆಯಲ್ಲಿ ಅದನ್ನು ಕಟ್ಟಿದವರಿಗೆ, ಅದು ಇಷ್ಟು ಕಾಲ ಇಷ್ಟೆಲ್ಲ ಹೊರುತ್ತದೆಂದು ಗೊತ್ತಿರಲಿಕ್ಕಿಲ್ಲ ಅನ್ನುತ್ತಿದ್ದಳು.

ಒಂದು ಕಥೆಯನ್ನು ನಾವು ಎಷ್ಟು ಸಲ ಹೇಳಿಸಿಕೊಂಡರೂ ತಣಿಯುತ್ತಿರಲಿಲ್ಲ. ಮಳೆಗಾಲ, ಹೊಳೆಯಾಚೆಯ ಊರಿನಲ್ಲಿ ಒಬ್ಬಳಿಗೆ ಹೆರಿಗೆ ಕಷ್ಟವಾಗಿತ್ತು. ದೊಡ್ಡವ್ವ ಹೊಳೆದಂಡೆಗೆ ಬಂದಾಗ ಸೇತುವೆ ಕೊಚ್ಚಿಹೋಗಿತ್ತು. ದಡದಲ್ಲಿದ್ದ ಗಂಡಸರು ಎರಡು ಬೊಂಬು ಕಡಿದು ಗಾಡಿಯನ್ನು ಅದಕ್ಕೆ ಕಟ್ಟಿ, ಪಲ್ಲಕ್ಕಿಯ ಹಾಗೆ ಹೆಗಲ ಮೇಲೆ ಹೊತ್ತು ಎದೆಮಟ್ಟದ ನೀರಿಗಿಳಿದರು. ದೊಡ್ಡವ್ವ ಔಷಧದ ಚೀಲವನ್ನು ತಲೆ ಮೇಲಿಟ್ಟುಕೊಂಡು ಅವರ ಹಿಂದೆ. ಆಚೆ ದಡದಲ್ಲಿ ಗಾಡಿ ಇಳಿಸಿ, ಒಂದು ಬಟ್ಟೆಯಿಂದ ಪ್ಲಗ್ ಒರೆಸಿ ಕಿಕ್ ಹೊಡೆದರೆ ಶುರುವಾಯಿತಂತೆ. ಅಮ್ಮ, ಮಗು ಇಬ್ಬರೂ ಉಳಿದರು. ಅದನ್ನು ಹೇಳುವಾಗ ಜೋ ಅಂಕಲ್ ಕೂಡ ಕನ್ನಡ ತಿಳಿದವರಂತೆ ಉಸಿರು ಹಿಡಿದು ಕೂತಿರುತ್ತಿದ್ದರು. ಆಮೇಲೆ ನಾನು ಇಂಗ್ಲಿಷಿನಲ್ಲಿ ಹೇಳಬೇಕಿತ್ತು.

ಬೇಸಿಗೆಯ ಹೊತ್ತಿಗೆ ಗಾಡಿ ಮಾತಾಡಿತು. ಮೊದಲು ಕೆಮ್ಮಿ, ಆಮೇಲೆ ಗ್ಯಾರೇಜು ತುಂಬ ನೀಲಿ ಹೊಗೆ ಬಿಟ್ಟು ಒಂದೇ ಸಮನೆ ಓಡತೊಡಗಿತು. ಜೋ ಅಂಕಲ್ ಎದ್ದು ಹೊರಗೆ ಹೋಗಿ ನಿಂಬೆಗಿಡದ ಹತ್ತಿರ ಬೆನ್ನು ತಿರುಗಿಸಿ ನಿಂತರು. ದೊಡ್ಡವ್ವ ನನ್ನನ್ನು ಹಿಂದೆ ಕೂರಿಸಿಕೊಂಡು ಹಿತ್ತಲು ಸುತ್ತಿಸಿದಳು. ಅವಳ ಬೆನ್ನಿಗೆ ಕೆನ್ನೆ ಒತ್ತಿದರೆ ಇಂಜಿನ್ನಿನ ನಡುಕ ಅವಳ ಮೈಯಿಂದಲೇ ಬರುತ್ತಿರುವ ಹಾಗಿತ್ತು. ದೊಡ್ಡವಳಾದ ಮೇಲೆ ಈ ಗಾಡಿ ನಿನಗೇ ಎಂದಿದ್ದಳು. ನಾನು ಸ್ಕೂಲಿನಲ್ಲೆಲ್ಲ ಹೇಳಿಕೊಂಡು ಬಂದಿದ್ದೆ.

ಅದಾಗಿ ಬಹಳ ದಿನ ಆಗಿರಲಿಲ್ಲ, ಮಲಾವಿಯಿಂದ ಫೋನ್ ಬಂತು. ಎಸ್ತರ್ ಎಂಬಾಕೆ, ದೊಡ್ಡವ್ವ ಕೈಹಿಡಿದು ಕಲಿಸಿದ ನರ್ಸ್. ಈಗ ಅದೇ ದವಾಖಾನೆಯಲ್ಲಿ, ದೊಡ್ಡವ್ವ ಬಿಟ್ಟುಬಂದ ಗಾಡಿಯನ್ನೇ ಓಡಿಸುತ್ತಿದ್ದಳು. ಇಳಿಜಾರಿನಲ್ಲಿ ಬಂಡೆಗೆ ಬಡಿದು ಇಂಜಿನ್ನಿನ ತಳ ಸೀಳಿಹೋಗಿತ್ತು. ಅಲ್ಲಿಯ ಮೇಸ್ತ್ರಿಗಳು ಬೆಸುಗೆ ಹಾಕಿ ನೋಡಿದರಂತೆ, ನಿಲ್ಲಲಿಲ್ಲ. ಎಸ್ತರ್ ಈಗ ನಡೆದು ಹೋಗುತ್ತಿದ್ದಾಳೆ, ನಡೆದು ಹೋದಲ್ಲಿ ಒಂದು ಕಡೆ ತಡವಾಯಿತು, ತಾಯಿ ಉಳಿಯಲಿಲ್ಲ. ಫೋನ್ ಇಟ್ಟ ದೊಡ್ಡವ್ವ ಊಟ ಮಾಡಲಿಲ್ಲ. ಗ್ಯಾರೇಜಿಗೆ ಹೋಗಿ ಗಾಡಿಯ ಮುಂದೆ ಕೂತಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವಳ ಕಣ್ಣು ಇಂಜಿನ್ನಿನ ಮೇಲೇ ಇತ್ತು; ಅಲ್ಲಿಗೆ ಬೇಕಾದದ್ದು ಇದೇ ಎಂದು ನನಗೆ ತಿಳಿಯಿತು.

"ತಗೊಂಡು ಹೋಗು ದೊಡ್ಡವ್ವ" ಅಂದೆ.

ಅವಳು ನನ್ನ ತಲೆಯನ್ನು ಎಣ್ಣೆಗೈಯಲ್ಲೇ ಎದೆಗೆ ಒತ್ತಿಕೊಂಡಳು. ಜೋ ಅಂಕಲ್‌ಗೆ ಹೇಳಿದಾಗ ಅವರು ಗಾಡಿಯನ್ನೊಮ್ಮೆ ನೋಡಿ, ಇಲ್ಲಿ ಇದು ಹಿತ್ತಲು ಸುತ್ತುತ್ತದೆ, ಅಲ್ಲಿ ಕೆಲಸಕ್ಕೆ ಹೋಗುತ್ತದೆ ಎಂದಷ್ಟೇ ಹೇಳಿ, ಮರುದಿನ ಹಲಗೆ ತಂದು ತಾವೇ ಪೆಟ್ಟಿಗೆ ಹೊಡೆದರು. ಇಂಜಿನ್ನನ್ನು ಬಿಚ್ಚಿ, ಹನಿ ಎಣ್ಣೆಯೂ ಉಳಿಯದಂತೆ ತೊಳೆದು, ಅವ್ವನ ಹಳೆಯ ಸೀರೆಯಲ್ಲಿ ಸುತ್ತಿ ಕಾರ್ಗೋಗೆ ಹಾಕಿದೆವು. ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದರೆ ಬಿಡಿಸುವವರಿಲ್ಲ, ನಾನೇ ಹೋಗಿ ಕೂರಿಸಿ ತಿಂಗಳೊಳಗೆ ಬರುತ್ತೇನೆ ಎಂದು ದೊಡ್ಡವ್ವ ರಜೆ ಹಾಕಿ ಹೊರಟಳು. ಅವ್ವ ದಾರಿಗೆಂದು ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟಳು.

ಇಂಜಿನ್ನು ಅಲ್ಲಿಯ ಗಾಡಿಗೆ ಸರಿಯಾಗಿ ಕೂತಿತು. ದೊಡ್ಡವ್ವ ಮಾತ್ರ ಬರಲಿಲ್ಲ. ಮೊದಲು ಮಳೆ ಮುಗಿಯಲಿ ಎಂದಳು, ಆಮೇಲೆ ಎಸ್ತರ್ ಬಸುರಿ ಎಂದಳು. ಕೊನೆಗೊಂದು ದಿನ ಅವ್ವ ಫೋನಿನಲ್ಲಿ ಗದರಿದಾಗ ಆ ಕಡೆಯಿಂದ ಬಂದ ಮಾತು ನನಗೂ ಕೇಳಿಸಿತು. "ಗಿರಿಜಾ, ಅಲ್ಲೆ ನನಗ ಯಾವ ಕೊರತಿನೂ ಇರಲಿಲ್ಲ. ಆದ್ರ ಇಲ್ಲೆ ನಾ ಬೇಕಾಗೇನಿ." ಅವ್ವ ಬಹಳ ದಿನ ಅಕ್ಕನ ಹೆಸರೆತ್ತಲಿಲ್ಲ. ಅಷ್ಟು ಕಷ್ಟಪಟ್ಟು ಕರೆಸಿಕೊಂಡವಳು ಒಂದು ಇಂಜಿನ್ನಿನ ನೆಪದಲ್ಲಿ ಬಿಟ್ಟುಹೋದಳು ಎಂಬ ನೋವು ಅವಳಿಗೆ.

ಮುಂದೆ ಒಂದೊಂದೇ ಹೋದವು. ಜೋ ಅಂಕಲ್ ಒಂದು ಬೇಸಿಗೆಯಲ್ಲಿ ತೀರಿಕೊಂಡರು. ಅಪ್ಪನಿಗೆ ಮೆಲ್ಬರ್ನಿನಲ್ಲಿ ಕೆಲಸವಾಗಿ, ಅಲ್ಲಿಯ ಪಾಯಿಂಟ್ ಕುಕ್‌ನಲ್ಲಿ ಮಾರ್ಟ್‌ಗೇಜ್ ಸಾಲ ತೆಗೆದು ಹೊಸ ಮನೆ ಕಟ್ಟಿಸಿದೆವು. ಟೂಂಗಾಬಿಯ ಮನೆಯನ್ನು ಮಾಲೀಕರು ಕೆಡವಿಸಿದರು ಎಂದು ಯಾರೋ ಹೇಳಿದರು.

ನಾನು ಹೈಸ್ಕೂಲಿನ ಕೊನೆಯ ವರ್ಷಗಳಲ್ಲಿದ್ದಾಗ ಎಸ್ತರ್ ಫೋನ್ ಮಾಡಿದಳು. ಮತ್ತೆ ಮಲೇರಿಯಾ, ದೊಡ್ಡವ್ವ ಈ ಸಲ ಏಳಲಿಲ್ಲ. ಅವ್ವ ನನ್ನನ್ನು ಕರೆದುಕೊಂಡು ಹೊರಟಳು. ವಿಮಾನಗಳನ್ನು ಬದಲಿಸಿ, ಕೆಂಪು ಮಣ್ಣಿನ ದಾರಿ ಹಿಡಿದು ನಾವು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ನಮ್ಮಲ್ಲೂ ಹೂಳುವುದೇ ಪದ್ಧತಿಯಾದ್ದರಿಂದ ಅವ್ವನಿಗೆ ಅದೊಂದು ಸಮಾಧಾನ. ಆದರೆ ತಂಗಿ ಬರುತ್ತಾಳೆಂದು ಊರವರು ಪ್ರಾರ್ಥನೆಯನ್ನು ಮರುದಿನಕ್ಕೆ ಉಳಿಸಿಕೊಂಡಿದ್ದರು.

ಬೆಳಿಗ್ಗೆ ಮೊದಲು ಸದ್ದು ಕೇಳಿತು. ದವಾಖಾನೆಯ ಮುಂದೆ ನಿಂತು ನೋಡಿದರೆ ಸುತ್ತಲಿನ ಗುಡ್ಡಗಳಿಂದ ಧೂಳು ಏಳುತ್ತಿತ್ತು. ದಾರಿದಾರಿಗಳಲ್ಲಿ ಬೈಕುಗಳು ಇಳಿದು ಬರುತ್ತಿದ್ದವು. ಎಲ್ಲ ಆ ಕಾಲದ ಜಪಾನಿ ಗಾಡಿಗಳು. ಒಂದರ ಟ್ಯಾಂಕು ಇನ್ನೊಂದಕ್ಕೆ, ಒಂದರ ದೀಪ ಮತ್ತೊಂದಕ್ಕೆ, ಸೀಟಿನ ಜಾಗದಲ್ಲಿ ಗೋಣಿಚೀಲ. ಒಂದೊಂದರ ಮೇಲೂ ಇಡೀ ಸಂಸಾರ. ಅಂಗಳ ತುಂಬಿತು, ರಸ್ತೆ ತುಂಬಿತು, ಮತ್ತೂ ಬರುತ್ತಲೇ ಇದ್ದವು. ಓಡಿಸಿಕೊಂಡು ಬಂದ ಹುಡುಗರಲ್ಲಿ ಬಹಳ ಜನರನ್ನು ಈ ಭೂಮಿಯ ಮೇಲೆ ಮೊದಲು ಹಿಡಿದ ಕೈ ದೊಡ್ಡವ್ವನದು ಎಂದು ಎಸ್ತರ್ ಹೇಳಿದಳು. ಒಬ್ಬೊಬ್ಬರೇ ಬಂದು ಅವ್ವನ ಮುಂದೆ ಮಂಡಿಯೂರಿ "ಅಮಾಯಿ" ಎಂದು ಎರಡೂ ಕೈ ಹಿಡಿದರು. ಅಮಾಯಿ ಅಂದರೆ ಅವರ ಮಾತಿನಲ್ಲಿ ತಾಯಿ. ದೊಡ್ಡವ್ವನನ್ನು ಅವರು ಕರೆಯುತ್ತಿದ್ದದ್ದು ಹಾಗೆಯೇ.

ಅವ್ವ ಅಷ್ಟೂ ಹೊತ್ತು ಅಳಲಿಲ್ಲ. ಪ್ರಾರ್ಥನೆ ಮುಗಿದು, ಜನ ಮತ್ತೆ ಮೂಟೆ, ಮಕ್ಕಳು, ಕೋಳಿಗಳನ್ನು ಹೇರಿಕೊಂಡು ಬಂದ ದಾರಿಗಳಲ್ಲೇ ಗುಡ್ಡ ಹತ್ತತೊಡಗಿದರು. ಹೊಲದಲ್ಲಿ ಕೆಲಸವಿತ್ತು, ಸಂತೆಯಿತ್ತು. ಕೊನೆಯ ಗಾಡಿಯೂ ತಿರುವಿನಲ್ಲಿ ಮರೆಯಾದ ಮೇಲೆ ಅವ್ವ ಹಸಿ ಮಣ್ಣಿನ ದಿಬ್ಬದ ಪಕ್ಕದಲ್ಲಿ ಕೂತಳು.

"ನಮ್ಮನ್ಯಾಗ ಇದ್ದಿದ್ರ, ಅಕ್ಕಗ ಇಷ್ಟು ಮಂದಿ ಎಲ್ಲಿಂದ ಬರ್ತಿದ್ರು?" ಎಂದಳು. ಕೇಳಿದ್ದು ನನ್ನನ್ನಲ್ಲ. ಆಮೇಲೆ ಸೆರಗಿನ ತುದಿಯಿಂದ ದಿಬ್ಬದ ಮೇಲಿನ ಒಣ ಎಲೆಗಳನ್ನು ಒಂದೊಂದಾಗಿ ತೆಗೆಯತೊಡಗಿದಳು, ಮಲಗಿದವರಿಗೆ ಎಚ್ಚರವಾಗಬಾರದು ಎಂಬ ಹಾಗೆ.